22 ಮೀಟರ್, 7 ಮೀಟರ್, ಒಂದೇ ಮೈದಾನ

ಎಲ್ಡನ್ ರಿಂಗ್ ಗೊತ್ತಿಲ್ಲದವರು ನಮ್ಮ ಹಾಸ್ಟೆಲಿನಲ್ಲಿ ಕಡಿಮೆ. ಆಡದೇ ಇದ್ದವರೂ ಪಕ್ಕದ ರೂಮಿನವರು ರಾತ್ರಿ ಎರಡು ಗಂಟೆಗೆ ಸತ್ತು ಸತ್ತು ಕೂಗಾಡೋದನ್ನಂತೂ ಕೇಳಿರ್ತಾರೆ. ಆ ಗೇಮನ್ನು 2022ರಲ್ಲಿ ತಂದದ್ದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ. ಅದಕ್ಕೂ 17 ವರ್ಷ ಮುಂಚೆ, 2005ರ ಜನವರಿಯಲ್ಲಿ, ಇದೇ ಕಂಪನಿಯವರು ಮಾಡಿದ ಬೇರೆ ಥರದ ಗೇಮ್ ಒಂದು ಪ್ಲೇಸ್ಟೇಷನ್ 2ಕ್ಕೆ ಬಂತು. ಹೆಸರು ‘ಅನದರ್ ಸೆಂಚುರೀಸ್ ಎಪಿಸೋಡ್’, ಚಿಕ್ಕದಾಗಿ ಎ.ಸಿ.ಇ. ಪ್ರಕಟಿಸಿದವರು ಬಾನ್‌ಪ್ರೆಸ್ಟೊ.

ಈ ಗೇಮಿನ ವಿಶೇಷ ಏನಪ್ಪಾ ಅಂದರೆ, ಬೇರೆ ಬೇರೆ ಅನಿಮೆಗಳ ದೈತ್ಯ ರೋಬಾಟ್‌ಗಳು ಒಂದೇ ಕಥೆಯಲ್ಲಿ, ಒಂದೇ ರಣರಂಗದಲ್ಲಿ ಸೇರುತ್ತವೆ. 1983ರ ‘ಔರಾ ಬ್ಯಾಟ್ಲರ್ ಡನ್‌ಬೈನ್’, 1984ರ ‘ಎಲ್-ಗೈಮ್’, 1985ರ ‘ಲೇಜ್ನರ್’, 1987ರ ‘ಡ್ರಾಗೊನಾರ್’, 1988ರ ಗಂಡಮ್ ಸಿನಿಮಾ ‘ಚಾರ್ಸ್ ಕೌಂಟರ್‌ಅಟ್ಯಾಕ್’, 1997ರ ‘ಗಂಡಮ್ ವಿಂಗ್: ಎಂಡ್‌ಲೆಸ್ ವಾಲ್ಟ್ಜ್’ ಇವೆಲ್ಲ ಮೊದಲನೇ ಎ.ಸಿ.ಇ.ಯಲ್ಲೇ ಇದ್ದವು. ಆಮೇಲೆ 2006, 2007, 2010 ಮತ್ತು 2011ರಲ್ಲಿ ಇನ್ನೂ ನಾಲ್ಕು ಗೇಮ್ ಬಂದವು. ಒಂದೂ ಜಪಾನ್ ಬಿಟ್ಟು ಹೊರಗೆ ಬಿಡುಗಡೆ ಆಗಲಿಲ್ಲ. ಹಾಗಾಗಿ ನಾವು ಅದನ್ನು ತಿಳಿದುಕೊಂಡದ್ದು ಬೇರೆಯವರು ಆಡುವ ವಿಡಿಯೋಗಳನ್ನು ನೋಡಿಯೇ. ಮೆನುವಿನ ಒಂದಕ್ಷರವೂ ಅರ್ಥ ಆಗದೆ ನೋಡ್ತಾ ಕೂತಾಗ ನಮಗೆ ಹೊಳೆದ ಪ್ರಶ್ನೆ ಒಂದಿತ್ತು. ಈ ಲೇಖನ ಆ ಪ್ರಶ್ನೆಯ ಬಗ್ಗೆ: ಒಂದಕ್ಕೊಂದು ಅಳತೆಯೇ ಹೊಂದದ ಎರಡು ಯಂತ್ರಗಳನ್ನು ಒಂದೇ ಮೈದಾನದಲ್ಲಿ ನ್ಯಾಯವಾಗಿ ಕಾದಾಡಿಸೋದು ಹೇಗೆ?

ಈ ಪ್ರಶ್ನೆ ಹಿಡಿದುಕೊಂಡು ನಾವು ನಾಲ್ಕು ಜನ ಒಂದು ಸಣ್ಣ ಗೇಮ್ ಮಾಡಲು ಹೋದೆವು. ಮೂವರು ಕಂಪ್ಯೂಟರ್ ಸೈನ್ಸ್, ಒಬ್ಬ ಮೆಕ್ಯಾನಿಕಲ್. ಡಿಪಾರ್ಟ್‌ಮೆಂಟಿನ ಪ್ರದರ್ಶನದ ದಿನ ಅದನ್ನು ಇಡಬೇಕಿತ್ತು. ಅಲ್ಲಿ ಮಾಡಿದ ತಪ್ಪುಗಳಿಂದ ಕಲಿತದ್ದೇ ಈ ಪಾಠದ ಮುಕ್ಕಾಲು ಭಾಗ.

ಮೊದಲು ಅಳತೆ

ಎರಡು ಯಂತ್ರಗಳನ್ನು ಆರಿಸಿಕೊಂಡೆವು. ಒಂದು ಡನ್‌ಬೈನ್. ಎತ್ತರ ಸುಮಾರು 7 ಮೀಟರ್. ಬೈಸ್ಟನ್ ವೆಲ್ ಎಂಬ ಬೇರೊಂದು ಲೋಕದ ಯಂತ್ರ ಅದು. ಅಲ್ಲಿನ ದೈತ್ಯ ಪ್ರಾಣಿಗಳ ಚಿಪ್ಪು, ಚರ್ಮಗಳಿಂದ ಮಾಡಿದ್ದು, ನೋಡಲು ರೆಕ್ಕೆ ಇರುವ ಕೀಟದ ಹಾಗೆ. ಇನ್ನೊಂದು ‘ಚಾರ್ಸ್ ಕೌಂಟರ್‌ಅಟ್ಯಾಕ್’ ಸಿನಿಮಾದ ನ್ಯೂ ಗಂಡಮ್. ಎತ್ತರ 22 ಮೀಟರ್. ಇಲ್ಲಿ ‘ನ್ಯೂ’ ಅಂದರೆ ಹೊಸದು ಅಂತಲ್ಲ, ಗ್ರೀಕ್ ಅಕ್ಷರ. ಫಿಸಿಕ್ಸಿನಲ್ಲಿ ಆವರ್ತನಕ್ಕೆ ಬರೀತೀವಲ್ಲ, ಅದೇ. ತಮಾಷೆ ಅಂದರೆ ಈ ಎರಡು ಕಥೆಗಳನ್ನೂ ನಿರ್ದೇಶಿಸಿದವರು ಒಬ್ಬರೇ, ಯೋಶಿಯುಕಿ ತೊಮಿನೊ. ಆದರೂ ಒಂದರ ಪಕ್ಕ ಇನ್ನೊಂದನ್ನು ನಿಲ್ಲಿಸಿದರೆ ಡನ್‌ಬೈನ್ ತಲೆ ಗಂಡಮ್‌ನ ಮಂಡಿ ದಾಟಿ ತೊಡೆಗೆ ಬರುತ್ತದೆ, ಅಷ್ಟೇ.

22 ಭಾಗಿಸು 7. ಈ ಭಿನ್ನರಾಶಿಯನ್ನು ಎಲ್ಲೋ ನೋಡಿದ ಹಾಗಿದೆಯಲ್ಲ? ಹೈಸ್ಕೂಲಿನ ಪೈ! ಎತ್ತರದ ಅನುಪಾತ ಸುಮಾರು 3.14. ಎರಡೂ ಒಂದೇ ಆಕಾರ, ಒಂದೇ ಸಾಂದ್ರತೆ ಅಂದುಕೊಂಡರೆ ಎದುರಿನಿಂದ ಕಾಣುವ ವಿಸ್ತೀರ್ಣದ ಅನುಪಾತ ಇದರ ವರ್ಗ, ಸುಮಾರು 10. ತೂಕದ ಅನುಪಾತ ಇದರ ಘನ, ಸುಮಾರು 31.

ಅಂದರೆ ಗಂಡಮ್‌ಗೆ ಗುರಿ ಇಡೋದು 10 ಪಟ್ಟು ಸುಲಭ. ಆದರೆ ಅದು ಬಂದು ಗುದ್ದಿದರೆ ಡನ್‌ಬೈನ್‌ಗೆ ತನ್ನ 31 ಪಟ್ಟು ತೂಕ ಗುದ್ದಿದ ಹಾಗೆ. ಆಟದ ಸಮತೋಲನ ಇಲ್ಲೇ ಹಾಳಾಯ್ತು. ಕೋಡ್ ಬರೆಯೋಕೆ ಮುಂಚೆಯೇ.

ವರ್ಗ ಮತ್ತು ಘನ

ನಾವೆಲ್ಲ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವರು. ಈ ಲೇಖನಕ್ಕೆ ಕನ್ನಡ ಪದ ಹುಡುಕುವಾಗ ‘ಘನ’ ಅನ್ನೋ ಪದದಲ್ಲೇ ಒಂದು ಪಾಠ ಇದೆ ಅನ್ನಿಸಿತು. ಒಂದು ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ ಘನ. ಗಟ್ಟಿಯಾದ ಪದಾರ್ಥಕ್ಕೂ ಘನ ಅನ್ನುತ್ತೇವೆ. ಭಾರವಾದದ್ದು, ದೊಡ್ಡದು ಅನ್ನೋ ಅರ್ಥವೂ ಇದೆ. ದೈತ್ಯ ರೋಬಾಟ್‌ಗಳ ತೊಂದರೆಯೆಲ್ಲ ಈ ಒಂದು ಪದದೊಳಗಿದೆ.

1.7 ಮೀಟರ್ ಎತ್ತರ, 70 ಕಿಲೋ ತೂಕದ ಒಬ್ಬ ಮನುಷ್ಯನನ್ನು ಹಾಗೇ 18 ಮೀಟರ್‌ಗೆ ಹಿಗ್ಗಿಸಿ. 18 ಮೀಟರ್ ಅಂದರೆ ಸುಮಾರು ಆರು ಅಂತಸ್ತಿನ ಕಟ್ಟಡ. 1979ರ ಮೊದಲ ಗಂಡಮ್‌ನ ಎತ್ತರವೂ ಅಷ್ಟೇ. ಎತ್ತರ 10.6 ಪಟ್ಟು ಆಯಿತು. ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 112 ಪಟ್ಟು. ತೂಕ ಸುಮಾರು 1187 ಪಟ್ಟು, ಅಂದರೆ 83 ಟನ್. 1187 ಪಟ್ಟು ತೂಕವನ್ನು 112 ಪಟ್ಟು ದಪ್ಪದ ಕಾಲು ಹೊರಬೇಕು. ಪ್ರತಿ ಚದರ ಸೆಂಟಿಮೀಟರ್ ಮೂಳೆಯ ಮೇಲೆ ಬೀಳುವ ಒತ್ತಡ 10.6 ಪಟ್ಟು. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಹೊರುತ್ತದೆ, ಆನೆಗೆ ಅದು ಆಗೋದಿಲ್ಲ ಅನ್ನೋದಕ್ಕೂ ಇದೇ ಕಾರಣ.

ಈಗ ಅನಿಮೆಯವರು ಕೊಟ್ಟ ತೂಕ ನೋಡಿ. ಮೊದಲ ಗಂಡಮ್‌ನ ಖಾಲಿ ತೂಕ 43.4 ಟನ್. ನಮ್ಮ ಹಿಗ್ಗಿಸಿದ ಮನುಷ್ಯನ ತೂಕದ ಅರ್ಧ ಮಾತ್ರ. ಮನುಷ್ಯನ ಸಾಂದ್ರತೆ ಹೆಚ್ಚು ಕಡಿಮೆ ನೀರಿನಷ್ಟೇ ಇರುವುದರಿಂದ, ಈ ಲೋಹದ ಯಂತ್ರ ಕೆರೆಗೆ ಬಿದ್ದರೆ ತೇಲಬೇಕು. ‘ಎಂಡ್‌ಲೆಸ್ ವಾಲ್ಟ್ಜ್’ನ ವಿಂಗ್ ಝೀರೋ ಇನ್ನೂ ಮಜಾ. ಎತ್ತರ 16.7 ಮೀಟರ್, ತೂಕ ಬರೀ 8 ಟನ್. ಲೆಕ್ಕ ಹಾಕಿದರೆ ನೀರಿನ ಸಾಂದ್ರತೆಯ ಎಂಟರಲ್ಲಿ ಒಂದು ಪಾಲು. ಬಾಟಲಿ ಮುಚ್ಚುವ ಕಾರ್ಕ್ ಕೂಡ ಇದರ ಎರಡು ಪಟ್ಟು ಭಾರ ಇರುತ್ತದೆ.

ಇದನ್ನು ಲೇವಡಿ ಮಾಡೋಕೆ ಹೇಳ್ತಿಲ್ಲ. ಕಥೆಯಲ್ಲಿ ಈ ತೂಕಕ್ಕೆ ಒಂದು ಕಾರಣ ಇದೆ, ಹೊಸ ಮಿಶ್ರಲೋಹ ಅಂತ. ಡನ್‌ಬೈನ್ ಕಥೆಯಲ್ಲಿ ಬೇರೆ ಕಾರಣ, ಪೈಲಟ್‌ನ ಪ್ರಾಣಶಕ್ತಿಯೇ ಯಂತ್ರವನ್ನು ನಡೆಸುತ್ತದೆ ಅಂತ. ಪ್ರತಿ ಲೋಕಕ್ಕೂ ಅದರದೇ ಫಿಸಿಕ್ಸ್. ಒಂದೊಂದೇ ನೋಡುವಾಗ ಎಲ್ಲ ಸರಿ. ಕ್ರಾಸ್‌ಓವರ್ ಮಾಡುವವರು ಮಾತ್ರ ಎರಡು ಲೋಕಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಇಡಬೇಕು. ಆ ಪ್ರೋಗ್ರಾಮಿನಲ್ಲಿ ಗುರುತ್ವಕ್ಕೆ ಇರುವುದು ಒಂದೇ ಸಂಖ್ಯೆ.

ನಿಜ ಜಗತ್ತಿನಲ್ಲಿ ಇದನ್ನು ಮಾಡಲು ಹೊರಟವರೂ ಇದ್ದಾರೆ. ಯೊಕೊಹಾಮಾದ ಬಂದರಿನಲ್ಲಿ 2020ರ ಡಿಸೆಂಬರಿನಿಂದ 2024ರ ಮಾರ್ಚ್‌ವರೆಗೆ 18 ಮೀಟರ್ ಎತ್ತರದ, ಕೈಕಾಲು ಆಡಿಸುವ ಗಂಡಮ್ ನಿಂತಿತ್ತು. ತೂಕ ಸುಮಾರು 25 ಟನ್. ಅದು ಕಾಲು ಎತ್ತುತ್ತಿತ್ತು, ಮಂಡಿ ಬಗ್ಗಿಸುತ್ತಿತ್ತು. ಆದರೆ ತನ್ನ ಕಾಲ ಮೇಲೆ ತಾನು ನಿಲ್ಲುತ್ತಿರಲಿಲ್ಲ. ಹಿಂದಿನಿಂದ ಒಂದು ದೊಡ್ಡ ಚೌಕಟ್ಟು ಅದರ ಸೊಂಟವನ್ನು ಹಿಡಿದುಕೊಂಡಿತ್ತು. ವರ್ಗ-ಘನ ನಿಯಮಕ್ಕೆ ಎಂಜಿನಿಯರ್‌ಗಳು ಕೊಟ್ಟ ಪ್ರಾಮಾಣಿಕ ಉತ್ತರ ಅದು.

ಹಳೆಯ ಉತ್ತರ: ಎಲ್ಲರನ್ನೂ ಕುಳ್ಳ ಮಾಡು

ರೋಬಾಟ್ ಕ್ರಾಸ್‌ಓವರ್ ಎ.ಸಿ.ಇ.ಯಿಂದ ಶುರುವಾದದ್ದಲ್ಲ. 1991ರಲ್ಲೇ ಬಾನ್‌ಪ್ರೆಸ್ಟೊದವರು ಗೇಮ್‌ಬಾಯ್‌ಗೆ ‘ಸೂಪರ್ ರೋಬಾಟ್ ವಾರ್ಸ್’ ತಂದಿದ್ದರು. ಅದು ಚದುರಂಗದ ಥರ, ಸರದಿ ಪ್ರಕಾರ ಆಡುವ ಆಟ. ಅಲ್ಲಿ ಎಲ್ಲ ರೋಬಾಟ್‌ಗಳೂ ದೊಡ್ಡ ತಲೆ, ಪುಟ್ಟ ಮೈಯ ಗೊಂಬೆಗಳು. ಪ್ರತಿಯೊಂದಕ್ಕೂ ಒಂದೊಂದು ಚೌಕ. ಅಳತೆಯ ತೊಂದರೆ ಮಾಯ! ಆ ಸರಣಿಯ ಮುಂದಿನ ಗೇಮ್‌ಗಳಲ್ಲಿ ಗಾತ್ರಕ್ಕೆ ಚಿಕ್ಕದು, ಮಧ್ಯಮ, ದೊಡ್ಡದು ಅಂತ ದರ್ಜೆಗಳು ಬಂದವು. ಚಿಕ್ಕದಕ್ಕೆ ಏಟು ತಾಗೋದು ಕಷ್ಟ, ದೊಡ್ಡದಕ್ಕೆ ಸುಲಭ, ಹೀಗೆ ಒಂದು ಕೋಷ್ಟಕ. ಗಾತ್ರ ಕಣ್ಣಿಗೆ ಕಾಣಿಸೋದಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತದೆ.

ಆಕ್ಷನ್ ಗೇಮಿನಲ್ಲಿ ಈ ಉಪಾಯ ನಡೆಯಲ್ಲ. ಅಲ್ಲಿ ಗುಂಡು ನಿಜವಾಗಿ ಹಾರಿ ಬರಬೇಕು, ನಿಜವಾದ ಮೈಗೆ ತಾಗಬೇಕು. ಗಾತ್ರವನ್ನು ಬಚ್ಚಿಡಲು ಜಾಗ ಇಲ್ಲ. ಫ್ರಮ್‌ಸಾಫ್ಟ್‌ವೇರ್ ಈ ಕೆಲಸಕ್ಕೆ ಹೊಸಬರೇನೂ ಆಗಿರಲಿಲ್ಲ. 1997ರಿಂದಲೇ ‘ಆರ್ಮರ್ಡ್ ಕೋರ್’ ಸರಣಿಯಲ್ಲಿ ಬೂಸ್ಟರ್ ಹಾಕಿಕೊಂಡು ಜಾರುವ, ಹಾರುವ ರೋಬಾಟ್‌ಗಳನ್ನು ಮಾಡಿದ್ದರು. ಆದರೆ ಅಲ್ಲಿ ಎಲ್ಲವೂ ಒಂದೇ ಲೋಕದ, ಒಂದೇ ಅಳತೆಯ ಸುತ್ತಮುತ್ತಲಿನ ಯಂತ್ರಗಳು. ಬೇರೆ ಬೇರೆ ಮನೆಯವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವ ಕಷ್ಟ ಬಂದದ್ದು ಎ.ಸಿ.ಇ.ಯಲ್ಲಿ. ಅದೂ 32 ಎಂಬಿ ಮೆಮೊರಿಯ ಪ್ಲೇಸ್ಟೇಷನ್ 2ರಲ್ಲಿ. ನಮ್ಮ ಫೋನಿನ ಏಳೆಂಟು ಫೋಟೋ ಸೇರಿದರೆ ಅಷ್ಟಾಗುತ್ತದೆ.

ನಮ್ಮ ಮೊದಲ ತಪ್ಪು: ತಾಗದ ಗುಂಡು

ನಾವು ಗೊಡೊ ಎಂಜಿನ್ ಬಳಸಿದೆವು. ಉಚಿತ, ಮತ್ತು ಅದರಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್, ಗುರುತ್ವ 9.8 ಅಂತ ಮೊದಲೇ ಇರುತ್ತದೆ. ರೋಬಾಟ್ ಮಾಡೆಲ್ ಮಾಡುವಷ್ಟು ಕೈಚಳಕ ನಮಗಿಲ್ಲ, ಹಾಗಾಗಿ ಎರಡು ಡಬ್ಬ ನಿಲ್ಲಿಸಿದೆವು. ಒಂದು 7 ಮೀಟರ್ ಎತ್ತರ, 2 ಮೀಟರ್ ದಪ್ಪ. ಇನ್ನೊಂದು 22 ಮೀಟರ್ ಎತ್ತರ, 6 ಮೀಟರ್ ದಪ್ಪ. ಎರಡಕ್ಕೂ ಒಂದೇ ಬಂದೂಕು. ಗುಂಡಿನ ವೇಗ ಸೆಕೆಂಡಿಗೆ 300 ಮೀಟರ್.

ಎರಡು ದಿನ ಆಡಿದೆವು. ಚಿಕ್ಕ ಡಬ್ಬ ಹಿಡಿದವರೇ ಗೆಲ್ಲುತ್ತಿದ್ದರು. ನಮಗೆ ಖುಷಿ. ನೋಡಿ, ಗಾತ್ರದ ವ್ಯತ್ಯಾಸ ತಾನಾಗಿಯೇ ಆಟಕ್ಕೆ ಬಂತು, ಚಿಕ್ಕದು ಚುರುಕಾಗಿ ತಪ್ಪಿಸಿಕೊಳ್ತಿದೆ ಅಂತ. ಪೋಸ್ಟರಿನಲ್ಲೂ ಹಾಗೇ ಬರೆದೆವು, ಹತ್ತು ಪಟ್ಟು ಕಡಿಮೆ ವಿಸ್ತೀರ್ಣದ ಲೆಕ್ಕ ಸಮೇತ. ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಫಸ್ಟ್ ಇಯರ್ ಹುಡುಗನೊಬ್ಬನನ್ನು ಕೂರಿಸಿ ಆಡಿಸಿದೆವು. ಅವನು ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ಕೆಳಗಿಟ್ಟು ಹೇಳಿದ: “ಅಣ್ಣಾ, ನಾನು ಅಲ್ಲಾಡ್ತಾನೇ ಇಲ್ಲ. ಆದ್ರೂ ಗುಂಡು ತಾಗ್ತಿಲ್ಲ.”

ನಾವು ಮುಖ ಮುಖ ನೋಡಿಕೊಂಡೆವು.

ಕಾರಣ ಸರಳ. ಎಂಜಿನ್ ಪ್ರತಿ ಕ್ಷಣವನ್ನೂ ನೋಡೋದಿಲ್ಲ. ಸೆಕೆಂಡಿಗೆ 60 ಸಲ ಮಾತ್ರ ಲೆಕ್ಕ ಮಾಡುತ್ತದೆ. 300 ಭಾಗಿಸು 60, ಅಂದರೆ ಪ್ರತಿ ಲೆಕ್ಕಕ್ಕೂ ಗುಂಡು 5 ಮೀಟರ್ ಮುಂದೆ ಹಾರಿರುತ್ತದೆ. ಈ ಲೆಕ್ಕದಲ್ಲಿ ಡಬ್ಬದ ಮುಂದೆ, ಮುಂದಿನ ಲೆಕ್ಕದಲ್ಲಿ ಡಬ್ಬದ ಹಿಂದೆ. ನಡುವೆ ಏನಾಯ್ತು ಅಂತ ಯಾರೂ ಕೇಳಲೇ ಇಲ್ಲ. 6 ಮೀಟರ್ ದಪ್ಪದ ಡಬ್ಬದೊಳಗೆ ಗುಂಡು ಒಂದು ಸಲವಾದರೂ ಸಿಕ್ಕೇ ಸಿಗುತ್ತದೆ. 2 ಮೀಟರ್ ದಪ್ಪದ್ದರಲ್ಲಿ ಸಿಗುವ ಸಂಭವ ಐದರಲ್ಲಿ ಎರಡು. ಉಳಿದ ಮೂರು ಗುಂಡು ಭೂತದ ಹಾಗೆ ಮೈಯೊಳಗಿಂದ ದಾಟಿ ಹೋಗುತ್ತಿದ್ದವು.

ಪರಿಹಾರವೂ ಕಷ್ಟದ್ದಲ್ಲ. ಗುಂಡು ಈಗ ಎಲ್ಲಿದೆ ಅಂತ ನೋಡುವ ಬದಲು, ಹಿಂದಿನ ಲೆಕ್ಕದ ಜಾಗದಿಂದ ಈಗಿನ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆ ಯಾವ ಮೈಯನ್ನಾದರೂ ಕತ್ತರಿಸಿತಾ ಅಂತ ಕೇಳಬೇಕು. ರೇಕಾಸ್ಟ್ ಅಂತಾರೆ. ಹತ್ತು ಸಾಲಿನ ಕೋಡ್.

ಕೋಡ್ ಸರಿಹೋಯ್ತು. ಆದರೆ ಪೋಸ್ಟರ್ ಮುಂದೆ ನಿಂತಾಗ ಮನಸ್ಸಿಗೆ ಕಸಿವಿಸಿ ಆಯ್ತು. ನಮ್ಮ ಲೆಕ್ಕ ತಪ್ಪಾಗಿರಲಿಲ್ಲ. ವಿಸ್ತೀರ್ಣ 10 ಪಟ್ಟು ಕಡಿಮೆ ಅನ್ನೋದು ನಿಜವೇ. ಆದರೆ ನಮ್ಮ ಆಟದಲ್ಲಿ ಚಿಕ್ಕದು ಗೆಲ್ಲುತ್ತಿದ್ದದ್ದು ಆ ಕಾರಣಕ್ಕಲ್ಲ. ಸರಿಯಾದ ಸೂತ್ರವೊಂದು ಕೈಯಲ್ಲಿ ಇದ್ದದ್ದರಿಂದಲೇ ನಾವು ಬಗ್ ಹುಡುಕಲಿಲ್ಲ. ಲ್ಯಾಬಿನಲ್ಲಿ ರೀಡಿಂಗ್ ಥಿಯರಿಗೆ ಹೊಂದಿದ ಕೂಡಲೇ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ತೀವಲ್ಲ, ಅದೇ ಅಭ್ಯಾಸ.

ಎರಡನೇ ತಪ್ಪು: ಗುರುತ್ವದ ಜೊತೆ ಆಟ

ಮುಂದಿನ ದಿನ ಜಗಳ ಶುರುವಾಯ್ತು. ವಿಷಯ ಜಿಗಿತ.

ಎರಡೂ ರೋಬಾಟ್ ತಮ್ಮ ಎತ್ತರದಷ್ಟೇ ಜಿಗಿಯಲಿ ಅಂತ ತೀರ್ಮಾನಿಸಿದ್ದೆವು. ಪಿಯುಸಿ ಫಿಸಿಕ್ಸ್ ಸಾಕು. 7 ಮೀಟರ್ ಜಿಗಿದು ನೆಲಕ್ಕೆ ಬರಲು 2.4 ಸೆಕೆಂಡ್. 22 ಮೀಟರ್ ಜಿಗಿದು ಬರಲು 4.2 ಸೆಕೆಂಡ್. ನಾಲ್ಕು ಸೆಕೆಂಡ್ ಗಾಳಿಯಲ್ಲಿ! ಆಕ್ಷನ್ ಗೇಮಿನಲ್ಲಿ ಅದು ಒಂದು ಯುಗ. ಆಡಿದವರೆಲ್ಲ ಒಂದೇ ಮಾತು: “ಏನೋ ಇದು, ನೀರೊಳಗಿದೆಯಾ?”

ನಾವು ಕಂಪ್ಯೂಟರ್ ಸೈನ್ಸಿನವರು ಸುಲಭದ ದಾರಿ ಹಿಡಿದೆವು. ದೊಡ್ಡ ರೋಬಾಟ್‌ಗೆ ಮಾತ್ರ ಗುರುತ್ವವನ್ನು 3.14 ಪಟ್ಟು ಮಾಡಿದೆವು, 9.8 ಬದಲು 30.8. ಈಗ ಅದೂ 2.4 ಸೆಕೆಂಡಿಗೆ ಇಳಿಯಿತು. ಆಟ ಚುರುಕಾಯಿತು. ಆದರೆ ಸ್ಕ್ರೀನ್ ನೋಡಿದರೆ ಗಂಡಮ್ ಕಾಣೆ! ಅಲ್ಲಿದ್ದದ್ದು ಕ್ಯಾಮೆರಾ ಹತ್ತಿರ ತಂದು ತೋರಿಸಿದ ಇನ್ನೊಂದು ಡನ್‌ಬೈನ್. 22 ಮೀಟರಿನ ದೈತ್ಯ ಬೆರಳುದ್ದದ ಆಟಿಕೆ ಹಾಗೆ ಪುಟಿಯುತ್ತಿತ್ತು.

“ಲೋ, ತೂಕ ಅಂದ್ರೆ ಬರೀ ಸಂಖ್ಯೆ ಅಲ್ಲ ಕಣ್ರೋ, ಟೈಮ್,” ಅಂದ ಮೆಕ್ಯಾನಿಕಲ್ ಗೆಳೆಯ. ಅವನು ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇವೆ.

ಲೋಲಕದ ಆವರ್ತ ಅದರ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ನಾವು ನಡೆಯುವಾಗ ನಮ್ಮ ಕಾಲೂ ಒಂದು ಥರ ಲೋಲಕವೇ. ಬೀಳೋದು, ಜಿಗಿಯೋದು, ಕೈ ಬೀಸೋದು ಇವೆಲ್ಲದರಲ್ಲೂ ಗುರುತ್ವ ಇರುವ ಕಡೆ ಇದೇ ನಿಯಮ: ಉದ್ದ ಎಷ್ಟು ಪಟ್ಟು ಹೆಚ್ಚೋ, ಸಮಯ ಅದರ ವರ್ಗಮೂಲದಷ್ಟು ಪಟ್ಟು ಹೆಚ್ಚು. 22 ಮೀಟರ್ ರೋಬಾಟ್ ಮನುಷ್ಯನ 13 ಪಟ್ಟು ಎತ್ತರ. 13ರ ವರ್ಗಮೂಲ ಸುಮಾರು 3.6. ನಾವು ಅರ್ಧ ಸೆಕೆಂಡಿಗೆ ಒಂದು ಹೆಜ್ಜೆ ಇಟ್ಟರೆ ಅದು 1.8 ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ. ಹಾಗಂತ ಅದು ನಿಧಾನ ಅಲ್ಲ. ಹೆಜ್ಜೆ ಒಂದಕ್ಕೆ ಹತ್ತು ಮೀಟರ್ ಹತ್ತಿರ ಬರುವುದರಿಂದ, ಆರಾಮಾಗಿ ನಡೆದರೂ ಗಂಟೆಗೆ 19 ಕಿಲೋಮೀಟರ್, ಸೈಕಲ್ ವೇಗ. ವೇಗವಾಗಿ ಹೋಗುತ್ತಿದ್ದರೂ ನಿಧಾನವಾಗಿ ಕಾಣುತ್ತದೆ. ಕಣ್ಣಿಗೆ ‘ದೊಡ್ಡದು’ ಅನ್ನಿಸೋದು ಈ ನಿಧಾನದಿಂದಲೇ.

ಜಪಾನಿನ ಸಿನಿಮಾದವರಿಗೆ ಇದು 1954ರ ಗಾಡ್ಜಿಲ್ಲಾ ಕಾಲದಿಂದಲೇ ಗೊತ್ತು. ಪುಟ್ಟ ಊರಿನ ಮಾದರಿ ಕಟ್ಟಿ, ಅದರೊಳಗೆ ವೇಷ ಹಾಕಿದ ನಟನನ್ನು ಬಿಟ್ಟು, ಹೆಚ್ಚು ಫ್ರೇಮ್ ವೇಗದಲ್ಲಿ ಚಿತ್ರೀಕರಿಸಿ, ಮಾಮೂಲಿ ವೇಗದಲ್ಲಿ ತೋರಿಸುತ್ತಿದ್ದರು. ಮಾದರಿ 25ರಲ್ಲಿ ಒಂದು ಪಾಲಿನದಾದರೆ, 25ರ ವರ್ಗಮೂಲ 5. ನಿಯಮದ ಪ್ರಕಾರ ಸೆಕೆಂಡಿಗೆ 24 ಫ್ರೇಮ್ ಬದಲು 120 ಫ್ರೇಮ್. ಕಟ್ಟಡ ಉರುಳುವುದು ನಿಧಾನವಾಗುತ್ತದೆ, ದೊಡ್ಡದಾಗಿ ಕಾಣುತ್ತದೆ.

ಸಿನಿಮಾದಲ್ಲಿ ಸರಿ. ಅಲ್ಲಿ ನೋಡುವವನ ಕೈಯಲ್ಲಿ ಬಟನ್ ಇಲ್ಲ. ಗೇಮಿನಲ್ಲಿ ಇದೆ. ಮನುಷ್ಯ 0.3 ಸೆಕೆಂಡಿನಲ್ಲಿ ಬೀಸುವ ಕತ್ತಿಯನ್ನು ಗಂಡಮ್ ಬೀಸಲು 1.1 ಸೆಕೆಂಡ್ ಬೇಕು, ಅಂದರೆ 65 ಫ್ರೇಮ್. ಬಟನ್ ಒತ್ತಿ 65 ಫ್ರೇಮ್ ಕಾದರೆ ಆಡುವವನಿಗೆ ರೋಬಾಟ್ ದೊಡ್ಡದು ಅನ್ನಿಸಲ್ಲ, ಕಂಟ್ರೋಲರ್ ಕೆಟ್ಟಿದೆ ಅನ್ನಿಸುತ್ತದೆ. ಫಿಸಿಕ್ಸಿಗೆ ನಿಷ್ಠರಾದರೆ ಬೆರಳಿಗೆ ಮೋಸ, ಬೆರಳಿಗೆ ನಿಷ್ಠರಾದರೆ ಕಣ್ಣಿಗೆ ಮೋಸ. ನಮ್ಮ ಜಗಳ ಇದೇ. ನಾವು ಮೂವರು ಬೆರಳಿನ ಪಕ್ಷ, ಅವನೊಬ್ಬ ಕಣ್ಣಿನ ಪಕ್ಷ. ಅವನು ಎರಡು ವಾರ ಕೂತು ಮಾಡಿದ ತೂಕ, ಜಡತ್ವದ ಶೀಟನ್ನು ನಾವು ಒಂದೇ ಸಾಲಿನಲ್ಲಿ ಅಳಿಸಿ ಹಾಕಿದ್ದೆವು. ಒಂದು ದಿನ ಅವನು ರೂಮಿಗೆ ಬರಲಿಲ್ಲ.

ವಿಡಿಯೋ ಮತ್ತೆ ನೋಡಿದಾಗ

ಆ ರಾತ್ರಿ ಎ.ಸಿ.ಇ. ವಿಡಿಯೋಗಳನ್ನು ಮತ್ತೆ ಹಾಕಿದೆವು, ಈ ಸಲ ನಿಲ್ಲಿಸಿ ನಿಲ್ಲಿಸಿ. ಒಳಗಿನ ಕೋಡ್ ನಮಗೆ ಕಾಣೋದಿಲ್ಲ, ಸ್ಕ್ರೀನಿನ ಮೇಲೆ ಕಾಣುವುದನ್ನಷ್ಟೇ ನೋಡಬಹುದು. ಹಾಗೆ ನೋಡಿ ಕಲಿತದ್ದು ನಾಲ್ಕು ವಿಷಯ.

ಒಂದು, ಈ ಥರದ ಗೇಮಿನಲ್ಲಿ ರೋಬಾಟ್‌ಗಳು ನಡೆಯೋದೇ ಕಡಿಮೆ. ಬೂಸ್ಟರ್ ಹಾಕಿಕೊಂಡು ಜಾರುತ್ತವೆ, ಹಾರುತ್ತವೆ. ಹೆಜ್ಜೆ ಇಲ್ಲದಿದ್ದರೆ ಕಾಲಿನ ಲೋಲಕದ ಲೆಕ್ಕವೇ ಬರೋದಿಲ್ಲ! ಕಷ್ಟದ ಪ್ರಶ್ನೆಯನ್ನು ಬಿಡಿಸುವ ಬದಲು ಅದು ಏಳದ ಹಾಗೆ ನೋಡಿಕೊಳ್ಳುವುದೂ ಎಂಜಿನಿಯರಿಂಗೇ.

ಎರಡು, ಲಾಕ್-ಆನ್. ಬಟನ್ ಒತ್ತಿದರೆ ಕ್ಯಾಮೆರಾ ಶತ್ರುವಿಗೆ ಅಂಟಿಕೊಳ್ಳುತ್ತದೆ. ಗುರಿ ಇಡುವ ಕೆಲಸ ಯಂತ್ರದ್ದು, ಓಡಾಡುವ ಕೆಲಸ ನಮ್ಮದು. ಹಾಗಾಗಿ 10 ಪಟ್ಟು ವಿಸ್ತೀರ್ಣದ ಅನ್ಯಾಯ ಬಹಳಷ್ಟು ಕರಗಿ ಹೋಗುತ್ತದೆ. ಚಿಕ್ಕದಕ್ಕೂ ದೊಡ್ಡದಕ್ಕೂ ಗುರಿ ಒಂದೇ ಥರ ಸಿಗುತ್ತದೆ.

ಮೂರು, ಹೋಲಿಕೆಗೆ ಪಕ್ಕದಲ್ಲಿ ಏನಿದೆ ಅನ್ನೋದು. ಊರಿನ ಕಟ್ಟಡಗಳ ನಡುವೆ ನಿಂತ ರೋಬಾಟ್ ದೊಡ್ಡದಾಗಿ ಕಾಣುತ್ತದೆ. ಅದೇ ರೋಬಾಟ್ ಬಾಹ್ಯಾಕಾಶಕ್ಕೆ ಹೋದ ಕೂಡಲೇ ಗಾತ್ರ ಕಳೆದುಕೊಳ್ಳುತ್ತದೆ. ಅಲ್ಲಿ ಮರ ಇಲ್ಲ, ದೀಪದ ಕಂಬ ಇಲ್ಲ, ದೂರದ ಬೆಟ್ಟವನ್ನು ಮಸುಕು ಮಾಡುವ ಗಾಳಿಯೂ ಇಲ್ಲ. 7 ಮೀಟರಿನದು ಹತ್ತಿರ ಇದೆಯೋ, 22 ಮೀಟರಿನದು ದೂರ ಇದೆಯೋ ಕಣ್ಣಿಗೆ ಗೊತ್ತಾಗಲ್ಲ.

ನಾಲ್ಕು, ಕೆಲಸದ ಶುರು ಬೇರೆ, ಕೊನೆ ಬೇರೆ. ಬಟನ್ ಒತ್ತಿದ ತಕ್ಷಣ ಏನೋ ಒಂದು ಆಗಬೇಕು. ಆದರೆ ಮುಗಿಯೋದು ನಿಧಾನವಾಗಿ ಮುಗಿಯಬಹುದು. ಆಡುವವನ ಬೆರಳು ಕಾಯೋದು ಶುರುವಿಗೆ. ಕಣ್ಣು ತೂಕವನ್ನು ಅಳೆಯೋದು ಕೊನೆಯಲ್ಲಿ.

ಈ ನಾಲ್ಕನೆಯದು ನಮ್ಮ ಜಗಳ ಬಿಡಿಸಿತು. ಮಾರನೇ ದಿನ ಮೆಕ್ಯಾನಿಕಲ್ ಗೆಳೆಯನ ರೂಮಿಗೆ ಹೋಗಿ, ಅವನ ಶೀಟ್ ವಾಪಸ್ ಬೇಕು ಅಂದೆವು. “ಅಳಿಸಿದ್ರಲ್ಲ?” ಅಂದ. ನಾವು ಸುಮ್ಮನೆ ನಿಂತೆವು. ಆಮೇಲೆ ಲ್ಯಾಪ್‌ಟಾಪ್ ತೆಗೆದ. ನಾಲ್ಕೂ ಜನ ಕೂತು ಹೀಗೆ ಮಾಡಿದೆವು: ಎರಡೂ ರೋಬಾಟ್ ಬಟನ್ ಒತ್ತಿದ ಮೂರನೇ ಫ್ರೇಮಿಗೆ ನೆಲ ಬಿಡುತ್ತವೆ. ಮೇಲೇರುವಾಗ ಬೂಸ್ಟರ್ ಇದೆ ಅಂತ ಇಟ್ಟುಕೊಂಡದ್ದರಿಂದ ಅಲ್ಲಿ ಗುರುತ್ವದ ಸಂಖ್ಯೆಯನ್ನು ಮುಟ್ಟಬೇಕಾಗಲಿಲ್ಲ. ಇಳಿಯುವಾಗ ಇಬ್ಬರಿಗೂ ಒಂದೇ ಗುರುತ್ವ, 9.8. ನೆಲ ಮುಟ್ಟಿದ ಮೇಲೆ ಚಿಕ್ಕದು 6 ಫ್ರೇಮಿನಲ್ಲಿ ಮತ್ತೆ ಓಡಬಹುದು. ದೊಡ್ಡದು ಮಂಡಿ ಬಗ್ಗಿಸಿ, ಧೂಳು ಎಬ್ಬಿಸಿ, 20 ಫ್ರೇಮ್ ನಿಂತೇ ಓಡಬೇಕು. ಈ 6 ಮತ್ತು 20 ಎಲ್ಲಿಂದ ಬಂದವು? ಆಡಿ ಆಡಿ ಸಿಕ್ಕಿದವು. ಅವನ ಸೂತ್ರ ಕೊಟ್ಟದ್ದು 6 ಮತ್ತು 11. ಕಣ್ಣಿಗೆ ಸಾಲಲಿಲ್ಲ, ಹೆಚ್ಚಿಸಿದೆವು. ಈ ಸಲ ಅಳಿಸಲಿಲ್ಲ. ಸೂತ್ರದ ಸಂಖ್ಯೆಯನ್ನು ಹಾಗೇ ಇಟ್ಟು, ಪಕ್ಕದಲ್ಲಿ ‘ಆಟಕ್ಕಾಗಿ ಬದಲಿಸಿದ್ದು’ ಅಂತ ಇನ್ನೊಂದು ಕಾಲಮ್ ಮಾಡಿದೆವು.

ಪ್ರದರ್ಶನದ ದಿನ

ಹಳೆಯ ಪೋಸ್ಟರ್ ತೆಗೆದು ಹೊಸದು ಅಂಟಿಸಿದೆವು. ಅದರಲ್ಲಿ ಎರಡೂ ಕಾಲಮ್ ಇತ್ತು. ಫಿಸಿಕ್ಸ್ ಏನು ಹೇಳುತ್ತದೆ, ನಾವು ಏನು ಇಟ್ಟಿದ್ದೇವೆ, ಯಾಕೆ. ಕೆಳಗೆ, ಗುಂಡು ತಾಗದ ಬಗ್ಗಿನ ಕಥೆಯನ್ನೂ ಬರೆದೆವು. ಬಹುಮಾನ ಬರಲಿಲ್ಲ. ಡಬ್ಬ ಡಬ್ಬ ಕಾದಾಡುವ ಆಟಕ್ಕೆ ಬಹುಮಾನ ಯಾರು ಕೊಡ್ತಾರೆ? ಆದರೆ ಆಡಲು ಬಂದವರಲ್ಲಿ ಹಲವರು ದೊಡ್ಡ ಡಬ್ಬ ಇಳಿದಾಗ “ಅಬ್ಬಾ” ಅಂದರು. ಬಣ್ಣ ಕೂಡ ಸರಿಯಾಗಿ ಬಳಿಯದ ಡಬ್ಬ ಅದು. ಆ ಒಂದು ಉದ್ಗಾರಕ್ಕೆ ಎರಡು ವಾರದ ಕೆಲಸ ಸಾರ್ಥಕ ಅನ್ನಿಸಿತು.

ಕ್ರಾಸ್‌ಓವರ್ ಅಂದರೆ ಇಷ್ಟದ ಹೀರೋಗಳನ್ನು ಒಂದೇ ಕಡೆ ತಂದು ಸುರಿಯುವುದು ಅಂತ ಮೊದಲು ಅಂದುಕೊಂಡಿದ್ದೆವು. ಮಾಡಲು ಹೋದಾಗ ಗೊತ್ತಾದದ್ದು, ಎರಡು ಲೋಕ ಸೇರಬೇಕಾದರೆ ಎರಡೂ ಒಂದಷ್ಟು ಬಿಟ್ಟುಕೊಡಬೇಕು ಅಂತ. ಬಿಟ್ಟುಕೊಡುವುದರಲ್ಲಿ ತಪ್ಪಿಲ್ಲ. ಏನನ್ನು, ಎಷ್ಟು, ಯಾಕೆ ಬಿಟ್ಟೆವು ಅಂತ ಬರೆದಿಡಬೇಕು ಅಷ್ಟೇ. ಬರೆದಿಡದೆ ಬಿಟ್ಟರೆ ನಾಳೆ ಅದು ಬಗ್ಗೋ, ನಿರ್ಧಾರವೋ ಅಂತ ನಮಗೇ ತಿಳಿಯಲ್ಲ.

ನೀವೇ ಮಾಡಿ ನೋಡಿ

1. ನಿಮ್ಮ ಇಷ್ಟದ ರೋಬಾಟ್‌ನ ಎತ್ತರ, ತೂಕ ತೆಗೆದುಕೊಳ್ಳಿ. 1.7 ಮೀಟರ್, 70 ಕಿಲೋ ಮನುಷ್ಯನನ್ನು ಅದೇ ಎತ್ತರಕ್ಕೆ ಹಿಗ್ಗಿಸಿ ತೂಕ ಹೋಲಿಸಿ. ಮುಳುಗುತ್ತದಾ, ತೇಲುತ್ತದಾ? 1972ರ ಮಜಿಂಗರ್ ಝೆಡ್‌ಗೆ 18 ಮೀಟರ್, 20 ಟನ್. ಅದರಿಂದ ಶುರು ಮಾಡಬಹುದು.

2. ಸೆಕೆಂಡಿಗೆ 60 ಲೆಕ್ಕ ಮಾಡುವ ಎಂಜಿನ್‌ನಲ್ಲಿ, 2 ಮೀಟರ್ ದಪ್ಪದ ಮೈಗೆ ಗುಂಡು ಒಂದು ಸಲವೂ ತಪ್ಪಬಾರದು ಅಂದರೆ ಗುಂಡಿನ ಗರಿಷ್ಠ ವೇಗ ಎಷ್ಟಿರಬೇಕು? ರೇಕಾಸ್ಟ್ ಬಳಸುವ ಹಾಗಿಲ್ಲ.

3. ಫೋನಿನ ಸ್ಲೋ ಮೋಷನ್‌ನಲ್ಲಿ ಒಂದು ಬೆಂಕಿಪೊಟ್ಟಣ ಮೇಜಿನಿಂದ ಬೀಳುವುದನ್ನು ಹಿಡಿಯಿರಿ. ಎಷ್ಟು ಪಟ್ಟು ನಿಧಾನ ಮಾಡಿದರೆ ಅದು ಕಟ್ಟಡದ ಹಾಗೆ ಕಾಣುತ್ತದೆ? ಮೊದಲು ವರ್ಗಮೂಲದ ಲೆಕ್ಕ ಮಾಡಿ, ಆಮೇಲೆ ಕಣ್ಣಿನಿಂದ ನೋಡಿ. ಎರಡೂ ಹೊಂದದಿದ್ದರೆ ಬೇಜಾರಾಗಬೇಡಿ. ಎರಡು ಕಾಲಮ್ ಮಾಡಿ.